ಮನೋವಿಜ್ಞಾನದಲ್ಲಿ ಮರುಪ್ರಯೋಗದ ಬಿಕ್ಕಟ್ಟು

ಪ್ರಕಟವಾದ ಪ್ರಯೋಗವೊಂದನ್ನು ಬೇರೆಯವರು ಅದೇ ವಿಧಾನದಲ್ಲಿ ಮತ್ತೆ ಮಾಡಿದರೆ ಮೊದಲಿನ ಫಲಿತಾಂಶವೇ ಸಿಗಬೇಕು ಎಂಬುದು ಪ್ರಾಯೋಗಿಕ ವಿಜ್ಞಾನದ ಮೂಲ ನಿರೀಕ್ಷೆ. ಮನೋವಿಜ್ಞಾನದ, ಅದರಲ್ಲೂ ಸಾಮಾಜಿಕ ಮನೋವಿಜ್ಞಾನದ, ಹಲವು ಹೆಸರಾಂತ ಫಲಿತಾಂಶಗಳು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂಬುದು 2011ರ ನಂತರ ಒಂದರ ಹಿಂದೊಂದು ಬಯಲಾಯಿತು. ಆ ಅನುಭವ, ಅದು ಎಬ್ಬಿಸಿದ ವಿವಾದ, ಅದರಿಂದ ಸಂಶೋಧನಾ ಪದ್ಧತಿಯಲ್ಲಿ ಆದ ಬದಲಾವಣೆ ಎಲ್ಲವೂ ಸೇರಿ ಮರುಪ್ರಯೋಗದ ಬಿಕ್ಕಟ್ಟು ಎನಿಸಿಕೊಂಡಿವೆ. ಇದರ ಕುರಿತ ಜನಪ್ರಿಯ ಬರಹಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ಬಿಕ್ಕಟ್ಟು 2011ರಲ್ಲಿ ಇದ್ದಕ್ಕಿದ್ದಂತೆ ಹುಟ್ಟಿತು, ಮನೋವಿಜ್ಞಾನದ ಮೂರರಲ್ಲಿ ಎರಡು ಪಾಲು ಫಲಿತಾಂಶಗಳು ಸುಳ್ಳೆಂದು 2015ರಲ್ಲಿ ಸಾಬೀತಾಯಿತು. ಎರಡೂ ದಾಖಲೆಗಳಿಗೆ ಹೊಂದುವುದಿಲ್ಲ.

ಹಿನ್ನೆಲೆ

ವಿಲ್‌ಹೆಲ್ಮ್ ವುಂಟ್ 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ಕಾಲದಲ್ಲಿ ಬೆರಳೆಣಿಕೆಯ ಜನರ ಮೇಲೆ ಅಸಂಖ್ಯ ಬಾರಿ ಅಳತೆ ಮಾಡುವುದೇ ಪದ್ಧತಿಯಾಗಿತ್ತು. ಹೆರ್ಮನ್ ಎಬಿಂಗ್‌ಹೌಸ್ ತಮ್ಮೊಬ್ಬರ ಮೇಲೆಯೇ ಪ್ರಯೋಗ ಮಾಡಿಕೊಂಡು ಮರೆವಿನ ರೇಖೆಯನ್ನು 1885ರಲ್ಲಿ ಪ್ರಕಟಿಸಿದರು. ಆಮ್‌ಸ್ಟರ್‌ಡ್ಯಾಮ್‌ನ ಇಬ್ಬರು ಸಂಶೋಧಕರು ಅದನ್ನು ಒಬ್ಬನೇ ವ್ಯಕ್ತಿಯ ಮೇಲೆ, ಸುಮಾರು 70 ಗಂಟೆಗಳ ಕಾಲ ಮತ್ತೆ ನಡೆಸಿ 2015ರಲ್ಲಿ ಫಲಿತಾಂಶ ಕೊಟ್ಟಾಗ ರೇಖೆ ಬಹುಮಟ್ಟಿಗೆ ಹಾಗೆಯೇ ಬಂತು. ಬಿಕ್ಕಟ್ಟು ಇಡೀ ಮನೋವಿಜ್ಞಾನದ್ದಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ಗುಂಪುಗಳ ಸರಾಸರಿಯನ್ನು ಹೋಲಿಸುವ ಪದ್ಧತಿ ಮೇಲುಗೈ ಪಡೆಯಿತು. ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಷರ್ 1925ರ ತಮ್ಮ ಗ್ರಂಥದಲ್ಲಿ 0.05 ಎಂಬ ಮಟ್ಟವನ್ನು ಅನುಕೂಲಕರ ಗಡಿಯಾಗಿ ಸೂಚಿಸಿದ್ದರು. 1930ರ ದಶಕದಲ್ಲಿ ನೇಮನ್ ಮತ್ತು ಈಗನ್ ಪಿಯರ್ಸನ್ ಬೇರೆಯೇ ತರ್ಕದ ಪರೀಕ್ಷಾಕ್ರಮವನ್ನು ಕಟ್ಟಿದರು. ಒಂದಕ್ಕೊಂದು ಒಪ್ಪದ ಈ ಎರಡನ್ನೂ ಮನೋವಿಜ್ಞಾನದ ಪಠ್ಯಪುಸ್ತಕಗಳು ಬೆಸೆದು ಒಂದೇ ವಿಧಿಯೆಂಬಂತೆ ಕಲಿಸಿದವು. ಪಿ-ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶ ‘ಗಣನೀಯ’, ಲೇಖನ ಪ್ರಕಟಣೆಗೆ ಯೋಗ್ಯ, ಇಲ್ಲವಾದರೆ ಇಲ್ಲ ಎಂಬ ರೂಢಿ ಶತಮಾನದ ನಡುವಿನ ಹೊತ್ತಿಗೆ ಬೇರೂರಿತು.

ಹಳೆಯ ಎಚ್ಚರಿಕೆಗಳು

ಈ ರೂಢಿಯ ಅಪಾಯವನ್ನು ಮೊದಲು ಎಣಿಸಿ ತೋರಿಸಿದವರಲ್ಲಿ ಥಿಯೋಡರ್ ಸ್ಟರ್ಲಿಂಗ್ ಒಬ್ಬರು. ನಾಲ್ಕು ಮನೋವಿಜ್ಞಾನ ಪತ್ರಿಕೆಗಳನ್ನು ಜಾಲಾಡಿ ಅವರು 1959ರಲ್ಲಿ ಬರೆದ ಲೇಖನದ ಪ್ರಕಾರ, ಸಂಖ್ಯಾಶಾಸ್ತ್ರೀಯ ಪರೀಕ್ಷೆ ಬಳಸಿದ ಬರಹಗಳಲ್ಲಿ ಸುಮಾರು ಶೇ. 97ರಷ್ಟು ಗಣನೀಯ ಫಲಿತಾಂಶವನ್ನೇ ವರದಿ ಮಾಡಿದ್ದವು. ಮರುಪ್ರಯೋಗ ಒಂದೂ ಇರಲಿಲ್ಲ. ಇದರ ಬೆನ್ನಿಗೆ, 1962ರಲ್ಲಿ, ಜೇಕಬ್ ಕೋಹೆನ್ ಇನ್ನೊಂದು ಲೆಕ್ಕ ಮುಂದಿಟ್ಟರು. ಅಂದಿನ ಪ್ರಯೋಗಗಳಲ್ಲಿ ಭಾಗವಹಿಸುತ್ತಿದ್ದವರ ಸಂಖ್ಯೆ ಎಷ್ಟು ಕಡಿಮೆಯಿತ್ತೆಂದರೆ, ಮಧ್ಯಮ ಗಾತ್ರದ ಪರಿಣಾಮವೊಂದು ನಿಜವಾಗಿ ಇದ್ದರೂ ಅದು ಪತ್ತೆಯಾಗುವ ಸಂಭವ ಸರಾಸರಿ ಅರ್ಧಕ್ಕಿಂತ ತುಸು ಕೆಳಗಿತ್ತು. ಎರಡೂ ಲೆಕ್ಕಗಳನ್ನು ಒಟ್ಟಿಗೆ ಓದಿದವರಿಗೆ ವಿಷಯ ಆಗಲೇ ಹೊಳೆಯಬೇಕಿತ್ತು. ಅರ್ಧದಷ್ಟು ಮಾತ್ರ ಯಶಸ್ವಿಯಾಗಬಲ್ಲ ಪ್ರಯೋಗಗಳು ಪತ್ರಿಕೆಗಳಲ್ಲಿ ಬಹುತೇಕ ಎಲ್ಲವೂ ಯಶಸ್ವಿಯಾಗಿ ಕಾಣುತ್ತಿದ್ದವು ಎಂದಮೇಲೆ ಉಳಿದವು ಎಲ್ಲೋ ಅಡಗಿರಬೇಕು. ಅವು ಸಂಶೋಧಕರ ಕಡತದ ಡ್ರಾಯರುಗಳಲ್ಲೇ ಉಳಿದುಬಿಡುವ ಸಮಸ್ಯೆಗೆ ರಾಬರ್ಟ್ ರೋಸೆಂಥಲ್ 1979ರಲ್ಲಿ ಹೆಸರಿಟ್ಟು ಗಣಿತ ಒದಗಿಸಿದರು. ಕೋಹೆನ್‌ರ ಎಚ್ಚರಿಕೆಯ ನಂತರ ಪರಿಸ್ಥಿತಿ ಸುಧಾರಿಸಿದೆಯೇ ಎಂದು 1989ರಲ್ಲಿ ಜೆಡ್ಲ್‌ಮಾಯರ್ ಮತ್ತು ಗಿಗೆರೆನ್‌ಜರ್ ಅಳೆದರು. ಸುಧಾರಿಸಿರಲಿಲ್ಲ.

1960–70ರ ದಶಕಗಳಲ್ಲಿ ಸಾಮಾಜಿಕ ಮನೋವಿಜ್ಞಾನಿಗಳು ತಮ್ಮ ಶಾಸ್ತ್ರದ ಬಿಕ್ಕಟ್ಟನ್ನು ಅದೇ ಹೆಸರಿನಿಂದಲೇ ಚರ್ಚಿಸಿದ್ದರು ಎಂಬುದು ಇಂದು ಬಹುಮಟ್ಟಿಗೆ ಮರೆತುಹೋಗಿದೆ. ಪ್ರಯೋಗಕ್ಕೆ ಬಂದವರು ಸಂಶೋಧಕನ ಅಪೇಕ್ಷೆಯನ್ನು ಊಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ ಎಂದು ಮಾರ್ಟಿನ್ ಓರ್ನ್ 1962ರಲ್ಲಿ ವಾದಿಸಿದರು. ಸಾಮಾಜಿಕ ವರ್ತನೆಯ ನಿಯಮಗಳು ಕಾಲದೊಂದಿಗೆ ಬದಲಾಗುವುದರಿಂದ ಈ ಶಾಸ್ತ್ರ ವಿಜ್ಞಾನಕ್ಕಿಂತ ಇತಿಹಾಸಕ್ಕೆ ಹತ್ತಿರ ಎಂದು ಕೆನೆತ್ ಗರ್ಗನ್ 1973ರಲ್ಲಿ ಹೇಳಿದರು. ಪಾಲ್ ಮೀಲ್ 1967 ಮತ್ತು 1978ರಲ್ಲಿ ಪರೀಕ್ಷಾಕ್ರಮದ ತರ್ಕವನ್ನೇ ಕಟುವಾಗಿ ಪ್ರಶ್ನಿಸಿದರು. ಮಾಹಿತಿ ಕೈಗೆ ಬಂದ ಮೇಲೆ ಊಹೆ ಕಟ್ಟಿ ಅದನ್ನೇ ಮೊದಲಿನ ಊಹೆಯೆಂದು ಬರೆಯುವ ಚಾಳಿಯನ್ನು ನಾರ್ಬರ್ಟ್ ಕರ್ 1998ರಲ್ಲಿ ವಿಶ್ಲೇಷಿಸಿದರು.

ವಂಚನೆಯ ಆರೋಪವೂ ಹೊಸದಲ್ಲ. ಬುದ್ಧಿಶಕ್ತಿಯ ಆನುವಂಶಿಕತೆಯ ಬಗ್ಗೆ ಬರೆದ ಬ್ರಿಟನ್ನಿನ ಸಿರಿಲ್ ಬರ್ಟ್, ಬೇರೆ ಬೇರೆಯಾಗಿ ಬೆಳೆದ ತದ್ರೂಪಿ ಅವಳಿಗಳ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಅವರ ಬುದ್ಧ್ಯಂಕಗಳ ಸಹಸಂಬಂಧವನ್ನು 0.771 ಎಂದೇ ಕೊಟ್ಟಿದ್ದನ್ನು ಲಿಯಾನ್ ಕ್ಯಾಮಿನ್ 1974ರಲ್ಲಿ ಎತ್ತಿ ತೋರಿಸಿದರು. ಬರ್ಟ್ 1971ರಲ್ಲೇ ತೀರಿಕೊಂಡಿದ್ದರು. ಅವರ ಜೀವನಚರಿತ್ರೆ ಬರೆದ ಲೆಸ್ಲಿ ಹರ್ನ್‌ಶಾ 1979ರಲ್ಲಿ ಇದು ವಂಚನೆಯೇ ಎಂಬ ತೀರ್ಮಾನಕ್ಕೆ ಬಂದರು. ಹತ್ತು ವರ್ಷದ ಬಳಿಕ ರಾಬರ್ಟ್ ಜಾಯ್ನ್‌ಸನ್, ನಂತರ ರೊನಾಲ್ಡ್ ಫ್ಲೆಚರ್ ಬರ್ಟ್ ಪರವಾಗಿ ಪುಸ್ತಕ ಬರೆದರು. ವಿವಾದ ಪೂರ್ತಿ ತೀರಿಲ್ಲ. ಆದರೆ ಆ ಅಂಕಿಗಳನ್ನು ನೆಚ್ಚುವಂತಿಲ್ಲ ಎಂಬುದರಲ್ಲಿ ಬಹುಮಟ್ಟಿಗೆ ಒಮ್ಮತವಿದೆ.

ಇಷ್ಟೆಲ್ಲ ಎಚ್ಚರಿಕೆಗಳು ಏಕೆ ಫಲಿಸಲಿಲ್ಲ? ಉತ್ತರ ಸಂಖ್ಯಾಶಾಸ್ತ್ರಕ್ಕಿಂತ ವಿಶ್ವವಿದ್ಯಾನಿಲಯದ ದೈನಂದಿನ ಬದುಕಿನಲ್ಲಿದೆ. ನೇಮಕ, ಕಾಯಂ ಹುದ್ದೆ, ಬಡ್ತಿ, ಅನುದಾನ ಎಲ್ಲವೂ ಪ್ರಕಟಿತ ಲೇಖನಗಳ ಸಂಖ್ಯೆ ಮತ್ತು ಹೊಸತನದ ಮೇಲೆ ನಿಂತಿದ್ದವು. ಇನ್ನೊಬ್ಬರ ಪ್ರಯೋಗವನ್ನು ಮತ್ತೆ ಮಾಡಿದ ಕೆಲಸವನ್ನು ಪತ್ರಿಕೆಗಳು ಹೊಸದಲ್ಲವೆಂದು ಹಿಂದಿರುಗಿಸುತ್ತಿದ್ದವು. ಕಚ್ಚಾ ಮಾಹಿತಿ ಸಂಶೋಧಕರ ಸ್ವಂತ ಆಸ್ತಿಯಂತಿತ್ತು. ಯೆಲ್ಟೆ ವಿಕರ್ಟ್ಸ್ ಮತ್ತು ಸಂಗಡಿಗರು 141 ಲೇಖನಗಳ ಕರ್ತೃಗಳಿಗೆ ಪತ್ರ ಬರೆದು ಮಾಹಿತಿ ಕೇಳಿದಾಗ ಶೇ. 73ರಷ್ಟು ಮಂದಿ ಕೊಡಲಿಲ್ಲ ಎಂದು 2006ರಲ್ಲಿ ವರದಿ ಮಾಡಿದರು. ಮಾಹಿತಿಯನ್ನು ಹಂಚಿಕೊಳ್ಳುವೆವೆಂದು ಪತ್ರಿಕೆಯ ನಿಯಮದಂತೆ ಒಪ್ಪಿ ಸಹಿ ಹಾಕಿದವರೇ ಅವರು. ಈ ವ್ಯವಸ್ಥೆಯಲ್ಲಿ ಹೆಚ್ಚು ನಷ್ಟ ಅನುಭವಿಸಿದವರು ಪಿಎಚ್.ಡಿ. ವಿದ್ಯಾರ್ಥಿಗಳು. ಹೆಸರಾಂತ ಫಲಿತಾಂಶವೊಂದರ ಮೇಲೆ ತಮ್ಮ ಕೆಲಸ ಕಟ್ಟಲು ಹೊರಟು, ಅದು ತಮ್ಮ ಕೈಯಲ್ಲಿ ಮೂಡದಿದ್ದಾಗ ತಪ್ಪು ತಮ್ಮದೇ ಎಂದುಕೊಂಡು ಅವರು ವರ್ಷಗಳನ್ನೇ ಕಳೆದುಕೊಂಡರು. ಆ ವಿಫಲ ಪ್ರಯತ್ನಗಳು ಎಲ್ಲಿಯೂ ದಾಖಲಾಗದ ಕಾರಣ ಈ ಇತಿಹಾಸದ ದೊಡ್ಡ ಭಾಗವೊಂದು ಕಳೆದೇಹೋಗಿದೆ.

2011 ಮತ್ತು ನಂತರ

2011ರ ವಿಶೇಷ ಹೊಸ ಅರಿವಲ್ಲ; ಒಂದೇ ವರ್ಷದಲ್ಲಿ ಮೂರು ಘಟನೆಗಳು ಕೂಡಿಬಂದದ್ದು. ಮೊದಲನೆಯದು ಕಾರ್ನೆಲ್ ವಿಶ್ವವಿದ್ಯಾನಿಲಯದ ಡ್ಯಾರಿಲ್ ಬೆಮ್ ಅವರ ಲೇಖನ. ಮನುಷ್ಯರಿಗೆ ಭವಿಷ್ಯದ ಅರಿವು ಇದೆ ಎಂದು ಒಂಬತ್ತು ಪ್ರಯೋಗಗಳ ಆಧಾರದ ಮೇಲೆ ಅದು ಪ್ರತಿಪಾದಿಸಿತು. ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದರು. ಬೆಮ್ ನಿಯಮ ಮೀರಿರಲಿಲ್ಲ. ಕ್ಷೇತ್ರ ಒಪ್ಪಿಕೊಂಡ ವಿಧಾನಗಳನ್ನೇ ಬಳಸಿದ್ದರು, ಪ್ರಕಟಿಸಿದ ಪತ್ರಿಕೆಯೂ ಸಾಮಾಜಿಕ ಮನೋವಿಜ್ಞಾನದ ಅಗ್ರ ಪತ್ರಿಕೆ. ಹಾಗಿದ್ದ ಮೇಲೆ ಭವಿಷ್ಯಜ್ಞಾನವನ್ನು ಒಪ್ಪಬೇಕು, ಇಲ್ಲವೇ ವಿಧಾನಗಳನ್ನು ಅನುಮಾನಿಸಬೇಕು. ಸ್ಟುವರ್ಟ್ ರಿಚಿ, ರಿಚರ್ಡ್ ವೈಸ್‌ಮನ್ ಮತ್ತು ಕ್ರಿಸ್ ಫ್ರೆಂಚ್ ಒಂದು ಪ್ರಯೋಗವನ್ನು ಮೂರು ಕಡೆ ಮತ್ತೆ ಮಾಡಿದರು, ಪರಿಣಾಮ ಕಾಣಲಿಲ್ಲ. ಅದೇ ಪತ್ರಿಕೆ ಮರುಪ್ರಯೋಗಗಳನ್ನು ಪ್ರಕಟಿಸುವುದಿಲ್ಲವೆಂದು ಅವರ ಬರಹವನ್ನು ಹಿಂದಿರುಗಿಸಿತು. 2012ರಲ್ಲಿ ಅದು ಬೇರೆಡೆ ಪ್ರಕಟವಾಯಿತು. ಈ ನಿರಾಕರಣೆಯೇ ಬೆಮ್ ಲೇಖನಕ್ಕಿಂತ ಹೆಚ್ಚು ಜನರನ್ನು ಎಚ್ಚರಿಸಿತು ಎನ್ನಬಹುದು.

ಎರಡನೆಯದು ಜೋಸೆಫ್ ಸಿಮನ್ಸ್, ಲೀಫ್ ನೆಲ್ಸನ್ ಮತ್ತು ಯೂರಿ ಸೈಮನ್‌ಸನ್ ಅವರ ಲೇಖನ. ಬೀಟಲ್ಸ್ ತಂಡದ ಹಾಡೊಂದನ್ನು ಕೇಳಿದವರ ವಯಸ್ಸು ಸುಮಾರು ಒಂದೂವರೆ ವರ್ಷ ಕಡಿಮೆಯಾಯಿತೆಂದು ಅವರು ನಿಜವಾದ ಮಾಹಿತಿಯಿಂದಲೇ ‘ಸಾಬೀತು’ ಮಾಡಿದರು. ಎಷ್ಟು ಜನರಿಗೆ ನಿಲ್ಲಿಸಬೇಕು, ಯಾವ ಅಳತೆಯನ್ನು ವರದಿ ಮಾಡಬೇಕು, ಯಾವ ಗುಂಪನ್ನು ಕೈಬಿಡಬೇಕು ಎಂಬ ಆಯ್ಕೆಗಳನ್ನು ಮಾಹಿತಿ ನೋಡಿದ ಮೇಲೆ ಮಾಡಿಕೊಂಡರೆ, ಶೇ. 5 ಇರಬೇಕಾದ ತಪ್ಪು ಫಲಿತಾಂಶದ ಸಂಭವ ಶೇ. 60ನ್ನು ದಾಟಬಲ್ಲುದು ಎಂದು ಲೆಕ್ಕ ಕೊಟ್ಟರು. ವಂಚಿಸುವ ಉದ್ದೇಶವೇ ಇಲ್ಲದವರೂ ಹೀಗೆ ದಾರಿ ತಪ್ಪಬಲ್ಲರು ಎಂಬುದೇ ಆ ಲೇಖನದ ತೂಕ.

ಮೂರನೆಯದು ನೇರ ವಂಚನೆ. ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾನಿಲಯದ ಡೀಡರಿಕ್ ಸ್ಟಾಪೆಲ್ ಮಾಹಿತಿಯನ್ನು ಸೃಷ್ಟಿಸುತ್ತಿದ್ದರು. ಹಲವು ವಿದ್ಯಾರ್ಥಿಗಳಿಗೆ ಸಿದ್ಧಪಡಿಸಿದ ಮಾಹಿತಿಯ ಕಡತಗಳನ್ನೇ ಕೊಡುತ್ತಿದ್ದರು. ಅದನ್ನು ಹೊರಗೆಡಹಿದವರು ಮೂವರು ಕಿರಿಯ ಸಂಶೋಧಕರು. ಮೂರು ವಿಶ್ವವಿದ್ಯಾನಿಲಯಗಳ ತನಿಖಾ ಸಮಿತಿಗಳು 2012ರ ನವೆಂಬರ್‌ನಲ್ಲಿ ಕೊಟ್ಟ ವರದಿ 55 ಲೇಖನಗಳಲ್ಲಿ ವಂಚನೆಯನ್ನು ಗುರುತಿಸಿತು. ವರದಿ ಅಲ್ಲಿಗೇ ನಿಲ್ಲದೆ, ವರ್ಷಗಟ್ಟಲೆ ಯಾರೂ ಪ್ರಶ್ನಿಸದಂತೆ ಮಾಡಿದ ಸಂಶೋಧನಾ ಸಂಸ್ಕೃತಿಯನ್ನೂ ದೂರಿತು. ಒಬ್ಬರ ಅಪರಾಧವನ್ನು ಇಡೀ ಕ್ಷೇತ್ರಕ್ಕೆ ಹಚ್ಚುವುದು ಸರಿಯಲ್ಲವೆಂದು ಹಲವು ಸಾಮಾಜಿಕ ಮನೋವಿಜ್ಞಾನಿಗಳು ಆಕ್ಷೇಪಿಸಿದರು. ವಂಚನೆ ಮತ್ತು ಸಡಿಲ ವಿಧಾನ ಬೇರೆ ಬೇರೆ ಎಂಬುದು ನಿಜ, ಆದರೆ ಎರಡನ್ನೂ ಮರೆಮಾಡಿದ್ದು ಒಂದೇ ಪರದೆ: ಮರುಪ್ರಯೋಗದ ಅಭಾವ.

ಸೂಕ್ಷ್ಮ ಸೂಚನೆಗಳು ವರ್ತನೆಯನ್ನು ಬದಲಿಸುತ್ತವೆ ಎಂಬ ಸಂಶೋಧನೆಗೆ ಅನಂತರ ಹೆಚ್ಚು ಪೆಟ್ಟು ಬಿತ್ತು. ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದವರು ನಿಧಾನವಾಗಿ ನಡೆದರೆಂಬ ಜಾನ್ ಬಾರ್ಗ್ ಮತ್ತು ಸಂಗಡಿಗರ 1996ರ ಪ್ರಯೋಗವನ್ನು ಬ್ರಸೆಲ್ಸ್‌ನ ತಂಡವೊಂದು 2012ರಲ್ಲಿ ಮತ್ತೆ ಮಾಡಿತು. ಪ್ರಯೋಗ ನಡೆಸುವವರಿಗೆ ಉದ್ದೇಶ ಮೊದಲೇ ಗೊತ್ತಿದ್ದಾಗ ಮಾತ್ರ ನಡಿಗೆ ನಿಧಾನವಾದಂತೆ ಕಂಡಿತು. ತಮ್ಮ ಪುಸ್ತಕದಲ್ಲಿ ಇಂಥ ಪ್ರಯೋಗಗಳನ್ನು ನೆಚ್ಚಿದ್ದ ಡ್ಯಾನಿಯಲ್ ಕಾನಮನ್ ಅದೇ ವರ್ಷ ಆ ಕ್ಷೇತ್ರದವರಿಗೆ ಬಹಿರಂಗ ಪತ್ರ ಬರೆದು, ಪ್ರಯೋಗಾಲಯಗಳು ಪರಸ್ಪರರ ಕೆಲಸವನ್ನು ಪರೀಕ್ಷಿಸಿಕೊಳ್ಳಬೇಕೆಂದು ಒತ್ತಾಯಿಸಿದರು.

ಶೇ. 36ರ ಪ್ರಶ್ನೆ

ವರ್ಜೀನಿಯಾ ವಿಶ್ವವಿದ್ಯಾನಿಲಯದ ಬ್ರಯಾನ್ ನೊಸೆಕ್ ನೇತೃತ್ವದಲ್ಲಿ 270 ಸಂಶೋಧಕರು 2008ರಲ್ಲಿ ಮೂರು ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ 2015ರ ಆಗಸ್ಟ್‌ನಲ್ಲಿ ವರದಿ ಪ್ರಕಟಿಸಿದರು. ಮೂಲದಲ್ಲಿ 97 ಗಣನೀಯವಾಗಿದ್ದವು. ಮರುಪ್ರಯೋಗದಲ್ಲಿ ಅವುಗಳಲ್ಲಿ 35, ಅಂದರೆ ಶೇ. 36, ಮಾತ್ರ ಗಣನೀಯವಾದವು. ಪತ್ರಿಕೆಗಳ ತಲೆಬರಹಕ್ಕೆ ಹೋದದ್ದು ಈ ಒಂದೇ ಅಂಕಿ. ವರದಿಯಲ್ಲಿ ಬೇರೆ ಅಳತೆಗಳೂ ಇದ್ದವು. ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಇಳಿದಿತ್ತು, ಶೇ. 47ರಷ್ಟು ಮೂಲ ಪರಿಣಾಮಗಳು ಮರುಪ್ರಯೋಗದ ವಿಶ್ವಾಸಾಂತರದೊಳಗೆ ಬಿದ್ದವು. ಅರಿವಿನ ಮನೋವಿಜ್ಞಾನದ ಅರ್ಧದಷ್ಟು ಫಲಿತಾಂಶಗಳು ನಿಂತರೆ, ಸಾಮಾಜಿಕ ಮನೋವಿಜ್ಞಾನದಲ್ಲಿ ನಿಂತದ್ದು ಕಾಲುಭಾಗ. ಒಂದು ಮರುಪ್ರಯೋಗ ವಿಫಲವಾದ ಮಾತ್ರಕ್ಕೆ ಮೂಲ ಸುಳ್ಳೆಂದಾಗುವುದಿಲ್ಲ ಎಂದು ಆ ತಂಡವೇ ಸ್ಪಷ್ಟವಾಗಿ ಬರೆದಿತ್ತು.

2016ರಲ್ಲಿ ಹಾರ್ವರ್ಡ್‌ನ ಡ್ಯಾನಿಯಲ್ ಗಿಲ್ಬರ್ಟ್, ಗ್ಯಾರಿ ಕಿಂಗ್ ಮತ್ತಿತರರು ಈ ಲೆಕ್ಕವನ್ನು ಪ್ರಶ್ನಿಸಿದರು. ಕೆಲವು ಮರುಪ್ರಯೋಗಗಳು ಮೂಲಕ್ಕೆ ನಿಷ್ಠವಾಗಿರಲಿಲ್ಲ ಎಂಬುದು ಅವರ ವಾದ. ಉದಾಹರಣೆಗೆ, ಸ್ಟ್ಯಾನ್‌ಫರ್ಡ್‌ನ ಪ್ರವೇಶ ನೀತಿಯ ಬಗ್ಗೆ ಅಲ್ಲಿನ ವಿದ್ಯಾರ್ಥಿಗಳೇ ಮಾತಾಡುವ ವಿಡಿಯೊ ಬಳಸಿದ ಅಧ್ಯಯನವನ್ನು ಆಮ್‌ಸ್ಟರ್‌ಡ್ಯಾಮ್‌ನ ವಿದ್ಯಾರ್ಥಿಗಳ ಮೇಲೆ ಮಾಡಲಾಗಿತ್ತು. ಗಿಲ್ಬರ್ಟ್ ತಂಡದ ಆಶಾವಾದದ ಅಂದಾಜು ಸಂಖ್ಯಾಶಾಸ್ತ್ರೀಯ ತಪ್ಪುಗ್ರಹಿಕೆಯ ಮೇಲೆ ನಿಂತಿದೆ ಎಂದು ನೊಸೆಕ್ ತಂಡ ಉತ್ತರಿಸಿತು. ವಿವಾದದ ಒಂದು ಎಳೆಯನ್ನು 2020ರ ಯೋಜನೆಯೊಂದು ಪರೀಕ್ಷಿಸಿತು. ಆ ನೂರರಲ್ಲಿ ಮೂಲ ಲೇಖಕರು ಮರುಪ್ರಯೋಗದ ಕ್ರಮವನ್ನು ಒಪ್ಪದೆ ಇದ್ದಂಥ ಹತ್ತು ಅಧ್ಯಯನಗಳನ್ನು, ತಜ್ಞರು ಮೊದಲೇ ಪರಿಶೀಲಿಸಿ ತಿದ್ದಿದ ಕ್ರಮದಲ್ಲಿ, ಹೆಚ್ಚು ಜನರೊಂದಿಗೆ ಮತ್ತೆ ನಡೆಸಿದಾಗಲೂ ಪರಿಣಾಮಗಳು ಹೆಚ್ಚಾಗಿ ಸೊನ್ನೆಯ ಹತ್ತಿರವೇ ಉಳಿದವು. ಇದಕ್ಕೆ ಮೊದಲು, 2018ರಲ್ಲಿ, 28 ಫಲಿತಾಂಶಗಳನ್ನು 36 ದೇಶ-ಪ್ರದೇಶಗಳಲ್ಲಿ ಪರೀಕ್ಷಿಸಿದ ಇನ್ನೊಂದು ಯೋಜನೆಯಲ್ಲಿ 15 ಮಾತ್ರ ನಿಂತವು, ಮತ್ತು ಸ್ಥಳಭೇದದಿಂದ ಆದ ವ್ಯತ್ಯಾಸ ನಿರೀಕ್ಷೆಗಿಂತ ಕಡಿಮೆಯಿತ್ತು. ಒಂದೇ ಶೇಕಡಾವಾರು ಅಂಕಿಯಿಂದ ಇಡೀ ಶಾಸ್ತ್ರದ ಯೋಗ್ಯತೆಯನ್ನು ತೀರ್ಮಾನಿಸುವುದು ತಪ್ಪು. ಸಂದರ್ಭ ಬದಲಾಯಿತೆಂದು ಎಲ್ಲ ವೈಫಲ್ಯವನ್ನೂ ತಳ್ಳಿಹಾಕುವುದೂ ಅಷ್ಟೇ ತಪ್ಪು.

ಯಾರ ಮನಸ್ಸು?

ಮಾದರಿಯ ಪ್ರಶ್ನೆ ಇದರ ಜೊತೆಗೇ ಬೆಳೆಯಿತು. ಅಮೆರಿಕದ ಆರು ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ. 96ರಷ್ಟು ಮಂದಿ ಪ್ರಪಂಚದ ಜನಸಂಖ್ಯೆಯ ಶೇ. 12 ಮಾತ್ರ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು ಜೆಫ್ರಿ ಆರ್ನೆಟ್ 2008ರಲ್ಲಿ ತೋರಿಸಿದ್ದರು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಈ ಟೀಕೆಯನ್ನು ವಿಸ್ತರಿಸಿದರು. ಭಾರತದಲ್ಲಿ ಈ ಕಳವಳ ಇನ್ನೂ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಕಲಿತು ಬಂದವರು. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿಗೆ ಹೊಂದಿಸುವ ಕೆಲಸ ಅವರಿಗೆ ಮುಖ್ಯವಾಗಿತ್ತು. ಅಲಹಾಬಾದಿನ ದುರ್ಗಾನಂದ ಸಿನ್ಹಾ ಆಮದು ಮಾಡಿಕೊಂಡ ಸಿದ್ಧಾಂತ ಮತ್ತು ಸಾಧನಗಳನ್ನೇ ನೆಚ್ಚಿದ ಭಾರತೀಯ ಮನೋವಿಜ್ಞಾನವನ್ನು 1986ರ ಪುಸ್ತಕದಲ್ಲಿ ವಿಮರ್ಶಿಸಿದರು. ಮರುಪ್ರಯೋಗದ ಚರ್ಚೆಯ ಇತಿಹಾಸಗಳು ಈ ಬರಹಗಳನ್ನು ಅಷ್ಟಾಗಿ ಉಲ್ಲೇಖಿಸದಿರುವುದು ದೊಡ್ಡ ಕೊರತೆ.

ಸುಧಾರಣೆ ಮತ್ತು ಹೊಸ ವಿವಾದ

ಸುಧಾರಣೆಗಳಲ್ಲಿ ಮುಖ್ಯವಾದದ್ದು ಪೂರ್ವನೋಂದಣಿ: ಊಹೆ ಮತ್ತು ವಿಶ್ಲೇಷಣೆಯ ಕ್ರಮವನ್ನು ಮಾಹಿತಿ ಸಂಗ್ರಹಕ್ಕೆ ಮೊದಲೇ ದಿನಾಂಕ ಸಹಿತ ದಾಖಲಿಸುವುದು. ಇನ್ನೂ ಮುಂದೆ ಹೋಗಿ, ಕ್ರಿಸ್ ಚೇಂಬರ್ಸ್ ಪ್ರಯತ್ನದಿಂದ ‘ಕಾರ್ಟೆಕ್ಸ್’ ಪತ್ರಿಕೆ 2013ರಲ್ಲಿ ಯೋಜನೆಯ ಹಂತದಲ್ಲೇ ಲೇಖನವನ್ನು ಪರಿಶೀಲಿಸಿ ಒಪ್ಪುವ ಕ್ರಮ ತಂದಿತು. ಫಲಿತಾಂಶ ಏನೇ ಬಂದರೂ ಪ್ರಕಟಣೆ ಖಚಿತ. ಹೀಗೆ ಒಪ್ಪಿದ ಲೇಖನಗಳಲ್ಲಿ ಮೊದಲ ಊಹೆ ನಿಜವಾದದ್ದು ಶೇ. 44ರಷ್ಟರಲ್ಲಿ, ಸಾಮಾನ್ಯ ಲೇಖನಗಳಲ್ಲಿ ಶೇ. 96ರಷ್ಟರಲ್ಲಿ ಎಂದು 2021ರ ಹೋಲಿಕೆಯೊಂದು ಕಂಡುಕೊಂಡಿತು. ಸ್ಟರ್ಲಿಂಗ್ ಕಂಡಿದ್ದ ಶೇ. 97ರ ರಹಸ್ಯ ಅರವತ್ತೆರಡು ವರ್ಷಗಳ ನಂತರ ಹೀಗೆ ಅಂಕಿಗಳಲ್ಲೇ ಬಿಡಿಸಿಕೊಂಡಿತು.

ವೃತ್ತಿವಲಯದೊಳಗೆ ಗಾಯಗಳೂ ಆದವು. ಹಿರಿಯರ ಕೆಲಸವನ್ನು ಪ್ರಶ್ನಿಸುವ ಕಿರಿಯರನ್ನು ದಾಳಿಕೋರರೆಂದು ಕರೆದದ್ದುಂಟು. ಟೀಕೆಗೆ ಗುರಿಯಾದ ಸಂಶೋಧಕರು, ಅದರಲ್ಲೂ ಮಹಿಳೆಯರು, ಸಾರ್ವಜನಿಕ ನಿಂದೆ ಅನುಭವಿಸಿದ್ದೂ ಉಂಟು. ಗತ್ತಿನ ಭಂಗಿಯ (power pose) ಪರಿಣಾಮಗಳ ಕುರಿತ 2010ರ ಲೇಖನದ ಮೊದಲ ಲೇಖಕಿ ಡೇನಾ ಕಾರ್ನಿ, ಆ ಪರಿಣಾಮಗಳನ್ನು ತಾವು ಇನ್ನು ನಂಬುವುದಿಲ್ಲವೆಂದು 2016ರಲ್ಲಿ ಬಹಿರಂಗವಾಗಿ ಬರೆದರು. ವಿಜ್ಞಾನಿಯೊಬ್ಬರ ಇಂಥ ನಡೆ ವಿರಳ, ಗೌರವಾರ್ಹ.

ಸುಧಾರಣಾ ಚಳವಳಿಯೂ ಪರೀಕ್ಷೆಯಿಂದ ಹೊರತಾಗಲಿಲ್ಲ. ಪೂರ್ವನೋಂದಣಿ, ದೊಡ್ಡ ಮಾದರಿ ಮತ್ತು ಪಾರದರ್ಶಕತೆ ಇದ್ದರೆ ಹೊಸ ಫಲಿತಾಂಶಗಳು ಉನ್ನತ ಪ್ರಮಾಣದಲ್ಲಿ ಮರುಕಳಿಸುತ್ತವೆ ಎಂದು ನಾಲ್ಕು ಪ್ರಯೋಗಾಲಯಗಳು ಕೂಡಿ ಬರೆದ, ನೊಸೆಕ್ ಕೂಡ ಸಹಲೇಖಕರಾಗಿದ್ದ ಲೇಖನ 2023ರ ನವೆಂಬರ್‌ನಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂತು. ಲೇಖನದ ಮುಖ್ಯ ವಿಶ್ಲೇಷಣೆಗಳೇ ಪೂರ್ವನೋಂದಣಿಯಾಗಿರಲಿಲ್ಲ ಎಂದು ಜೋಸೆಫ್ ಬ್ಯಾಕ್-ಕೋಲ್ಮನ್ ಮತ್ತು ಬೆರ್ನಾ ದೆವೆಜರ್ ದಾಖಲೆ ಸಮೇತ ತೋರಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು. ಪೂರ್ವನೋಂದಣಿಯ ಕುರಿತ ಹೇಳಿಕೆ ಅಚಾತುರ್ಯದಿಂದಾದ ತಪ್ಪೆಂದು ಲೇಖಕರು ಒಪ್ಪಿಕೊಂಡರು. ಯೋಜನೆಯ ಮೂಲ ಉದ್ದೇಶವೇ ಬೇರೆಯಿದ್ದು ಅದನ್ನು ನಂತರ ಬದಲಿಸಲಾಯಿತೇ ಎಂಬ ಪ್ರಶ್ನೆಯಲ್ಲಿ ಟೀಕಾಕಾರರೂ ಲೇಖಕರೂ ಒಮ್ಮತಕ್ಕೆ ಬಂದಿಲ್ಲ.