ಹೇಮಾವತಿಯ ನೊಳಂಬ ದೇವಾಲಯಗಳು

ಕನ್ನಡ ನಾಡಿನ ಇತಿಹಾಸವೆಂದೊಡನೆ ಕದಂಬ, ಗಂಗ, ಚಾಳುಕ್ಯ, ರಾಷ್ಟ್ರಕೂಟರ ಹೆಸರುಗಳು ನಮ್ಮ ನೆನಪಿಗೆ ಬರುತ್ತವೆ. ನೊಳಂಬರನ್ನು ನೆನೆಯುವವರು ವಿರಳ. ಎಂಟರಿಂದ ಹನ್ನೊಂದನೆಯ ಶತಮಾನದವರೆಗೆ ಬಾಳಿದ ಈ ಅರಸುಮನೆತನದವರು ತಮ್ಮನ್ನು ಪಲ್ಲವ ಕುಲದವರೆಂದು ಕರೆದುಕೊಂಡರೂ ಶಾಸನಗಳನ್ನು ಬಹುಮಟ್ಟಿಗೆ ಕನ್ನಡದಲ್ಲಿಯೇ ಬರೆಯಿಸಿದರು. ಅವರ ನಾಡು ನೊಳಂಬವಾಡಿ 32,000, ರಾಜಧಾನಿ ಹೆಂಜೇರು. ಆ ಹೆಂಜೇರೇ ಮಡಕಶಿರಾ ಸೀಮೆಯ ಇಂದಿನ ಹೇಮಾವತಿ.

ಈಗ ಇದೊಂದು ಸಣ್ಣ ಹಳ್ಳಿ. ಆದರೂ ದೊಡ್ಡೇಶ್ವರ, ಸಿದ್ಧೇಶ್ವರ, ವಿರೂಪಾಕ್ಷ, ಮಲ್ಲೇಶ್ವರ ಗುಡಿಗಳು ಹಿಂದಿನ ವೈಭವಕ್ಕೆ ಸಾಕ್ಷಿಯಾಗಿವೆ. ಮೊದಲು ನೋಡತಕ್ಕುದು ದೊಡ್ಡೇಶ್ವರ ಗುಡಿ. ಗರ್ಭಗೃಹ, ಅಂತರಾಳ, ನವರಂಗ, ಎದುರಿಗೆ ದೊಡ್ಡ ನಂದಿ: ವಿನ್ಯಾಸ ಸರಳವಾದುದು. ಶಿಲ್ಪಿಯ ಕೈಚಳಕವೆಲ್ಲ ಕಂಬಗಳಲ್ಲಿಯೂ ಜಾಲಂಧ್ರಗಳಲ್ಲಿಯೂ ಕಾಣುತ್ತದೆ. ನುಣುಪಾಗಿ ಉಜ್ಜಿದ ಕರಿಯ ಕಲ್ಲಿನ ಕಂಬಗಳ ಮೈಮೇಲೆ ದೇವತೆಗಳನ್ನು ಕಿರುಗಾತ್ರದಲ್ಲಿ ಬಿಡಿಸಲಾಗಿದೆ. ಜಾಲಂಧ್ರವೆಂದರೆ ಬೆಳಕಿಗಾಗಿ ಕೊರೆದ ಕಲ್ಲಿನ ಕಿಟಕಿ. ಇಲ್ಲಿ ಬರಿಯ ತೂತುಗಳಿಲ್ಲ. ಬ್ರಹ್ಮ, ವಿಷ್ಣು, ಗಂಗೆ, ಯಮುನೆ ಮೊದಲಾದವರ ಮೂರ್ತಿಗಳನ್ನೂ ಬಳ್ಳಿಯ ಸುರುಳಿಗಳನ್ನೂ ಕೆತ್ತಿ, ಅವುಗಳ ಸಂದಿನಲ್ಲಿಯೇ ಬೆಳಕಿಗೆ ದಾರಿ ಬಿಟ್ಟಿದ್ದಾರೆ. ಗೋಡೆಯ ಅಲಂಕಾರವೂ ಒಳಗಿನ ಅನುಕೂಲವೂ ಒಂದೇ ಕೆತ್ತನೆಯಿಂದ ಸಾಧಿಸಿವೆ.

ಸಿದ್ಧೇಶ್ವರ ಗುಡಿಯ ವಿಶೇಷ ಬೇರೆ. ಶಿವಾಲಯಗಳಲ್ಲಿ ಸಾಮಾನ್ಯವಾಗಿ ಲಿಂಗಕ್ಕೆ ಪೂಜೆ; ಇಲ್ಲಿಯಾದರೋ ಕುಳಿತ ಶಿವನ ಮಾನವರೂಪಕ್ಕೆ ಪೂಜೆ ಸಲ್ಲುತ್ತದೆ.

ಹೇಮಾವತಿಯನ್ನು ಪೂರ್ಣವಾಗಿ ನೋಡಬೇಕೆನ್ನುವವರು ಹೇಮಾವತಿಯಲ್ಲಿಯೇ ನಿಂತರೆ ಸಾಲದು. ಗಂಗರ ಮಾರಸಿಂಹನು (963-974) ‘ನೊಳಂಬಕುಲಾಂತಕ’ನೆಂಬ ಬಿರುದನ್ನೇ ಧರಿಸಿದನು. ಬಳಿಕ ಚೋಳರ ದಂಡು ಬಂದಿತು. ಕಾವೇರಿಯ ದಡದ ತಿರುವೈಯಾರಿನ ದೇವಾಲಯದಲ್ಲಿ ನೊಳಂಬ ಶೈಲಿಯ ಕಂಬಗಳಿವೆ. ಅವು ಚೋಳರು ಗೆದ್ದು ಒಯ್ದವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇನ್ನು ಕೆಲವು ಶಿಲ್ಪಗಳು ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿವೆ. ಅವುಗಳನ್ನು ಕುರಿತು ಸಿ. ಶಿವರಾಮಮೂರ್ತಿಯವರ ಗ್ರಂಥವು 1964ರಲ್ಲಿ ಹೊರಬಂದಿತು. ಗೆದ್ದವರು ಕೂಡ ಹೊತ್ತೊಯ್ಯಲು ಆಸೆಪಟ್ಟ ಕಲೆಯಿದು!

ಕಲ್ಲುಗಳು ಊರು ಬಿಟ್ಟವು. ಊರಿನ ಸುತ್ತ ಗಡಿಗಳೂ ಬದಲಾದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಮಡಕಶಿರಾ ಅನಂತಪುರದೊಡನೆ ಆಂಧ್ರದಲ್ಲಿ ಉಳಿಯಿತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನೊಳಂಬರ ಕಾಲದಲ್ಲಿ ಈ ಗೆರೆ ಯಾವುದೂ ಇರಲಿಲ್ಲ. ಅವರು ಆಳಿದ ನೆಲ ಇಂದು ಕರ್ನಾಟಕ, ಆಂಧ್ರ, ತಮಿಳುನಾಡು ಮೂರರಲ್ಲಿಯೂ ಹರಡಿದೆ. ತಮಿಳುನಾಡಿನ ಧರ್ಮಪುರಿಯಲ್ಲಿ ಸಹ ಅವರ ಕನ್ನಡ ಶಾಸನಗಳಿವೆ. ಆದುದರಿಂದ ಹೇಮಾವತಿ ಯಾರದೆಂದು ವಾದಿಸುವುದರಲ್ಲಿ ಸಾರವಿಲ್ಲ. ಅದನ್ನು ಓದಬಲ್ಲವರು ಯಾರೆಂಬುದೇ ಮುಖ್ಯ ಪ್ರಶ್ನೆ.

ಈ ಪ್ರಶ್ನೆ ನೇರವಾಗಿ ಗಡಿನಾಡಿನ ಉಪಾಧ್ಯಾಯರಿಗೆ ಸಂಬಂಧಿಸಿದುದು. ಕನ್ನಡ ಶಾಲೆಯ ಮಗು ಹಳಗನ್ನಡದ ಲಿಪಿಯನ್ನು ಕೂಡಿಸಿ ಓದಲು ಕಲಿಯದಿದ್ದರೆ ಶಾಸನದ ಕಲ್ಲು ಅದಕ್ಕೆ ಬರಿಯ ಕಲ್ಲಾಗಿಯೇ ಉಳಿಯುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೊದಲು ತರಗತಿಯಲ್ಲಿ ಹತ್ತು ಹಳೆಯ ಅಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸೋಣ. ಕಂಬವನ್ನು ದಂಡು ಒಯ್ಯಬಹುದು, ಗಡಿಯನ್ನು ಸರ್ಕಾರ ಸರಿಸಬಹುದು. ಕಲಿತ ಅಕ್ಷರವನ್ನು ಮಗುವಿನಿಂದ ಯಾರೂ ಕಸಿಯಲಾರರು.