ಮೊದಲ 13 ರೋಗಿಗಳು
ಆಪರೇಷನ್ ಥಿಯೇಟರ್ ಕಥೆಗಳು | ಕಂತು 7

ಫೋಟೋದಲ್ಲಿರೋ ಈ ಪೆಟ್ಟಿಗೆ ನೋಡಿ. ಒಳಗೊಂದು ಕ್ಯಾಮೆರಾ, ಮೇಲೆ ಎರಡು ತೂತು, ಎದುರಿಗೊಂದು ಟಿವಿ. ಹೋದ ವಾರ ಸ್ಕಿಲ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚಿಗೆ ಇದನ್ನು ಕೊಟ್ಟರು. ಕೆಲಸ ಇಷ್ಟೇ: ಉದ್ದನೆಯ ಉಪಕರಣದಲ್ಲಿ ಪುಟ್ಟ ರಬ್ಬರ್ ತುಂಡು ಹಿಡಿದು ಒಂದು ಗೂಟದಿಂದ ಇನ್ನೊಂದಕ್ಕೆ ಹಾಕಬೇಕು. ನಾನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಬೀಳಿಸಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಹಾಸ್ಟೆಲ್‌ನಲ್ಲಿ ಮಲಗಿದಾಗ ಒಂದು ಪ್ರಶ್ನೆ ಬಂತು. ಈ ಪೆಟ್ಟಿಗೆ ಮುಟ್ಟದೇ ಕಲಿತವರು ತಮ್ಮ ಮೊದಲ ತಪ್ಪುಗಳನ್ನು ಎಲ್ಲಿ ಮಾಡಿರ್ತಾರೆ?

ಲ್ಯಾಪರೋಸ್ಕೋಪಿ ಯಾಕೆ ಕಷ್ಟ ಅಂದ್ರೆ, ಹೊಟ್ಟೆಯ ತೂತು ಸನ್ನೆಗೋಲಿನ ಆಧಾರದ ಥರ ಕೆಲಸ ಮಾಡುತ್ತೆ. ಕೈ ಬಲಕ್ಕೆ ಹೋದ್ರೆ ಒಳಗಿನ ತುದಿ ಎಡಕ್ಕೆ ಹೋಗುತ್ತೆ. ಟಿವಿ ಪರದೆ ಚಪ್ಪಟೆ, ಆಳ ಗೊತ್ತಾಗಲ್ಲ. ಬೆರಳಿಗೆ ಸ್ಪರ್ಶವೂ ಸರಿಯಾಗಿ ಸಿಗಲ್ಲ. ತೆರೆದ ಆಪರೇಷನ್‌ನಲ್ಲಿ 20 ವರ್ಷ ಪಳಗಿದವರೂ ಇಲ್ಲಿ ಮತ್ತೆ ಅ ಆ ಇ ಈ ಇಂದ ಶುರು ಮಾಡಬೇಕು.

1️⃣ ಪೆಟ್ಟಿಗೆ ಮೊದಲೇ ಇತ್ತು
1980ರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಜೆಮ್ ಸಣ್ಣ ತೂತುಗಳ ಮೂಲಕವೇ ಅಪೆಂಡಿಕ್ಸ್ ತೆಗೆದರು. ಮೆಚ್ಚುಗೆ ಬಂತಾ? ಇಲ್ಲ, ಇವರನ್ನು ಅಮಾನತು ಮಾಡಿ ಅನ್ನೋ ಒತ್ತಾಯ ಬಂತು. ಆದ್ರೆ ಜೆಮ್ ಇನ್ನೊಂದು ಕೆಲಸ ಮಾಡಿದ್ದರು. ಬೇರೆಯವರು ಕಲಿಯಲಿ ಅಂತ 80ರ ದಶಕದಲ್ಲೇ 'ಪೆಲ್ವಿ-ಟ್ರೇನರ್' ಅನ್ನೋ ಅಭ್ಯಾಸದ ಪೆಟ್ಟಿಗೆ ರೂಪಿಸಿದರು. ನಾನು ಬೀಳಿಸಿದ ಪೆಟ್ಟಿಗೆಗೆ ಅದು ಅಜ್ಜ ಇದ್ದಂತೆ.

2️⃣ ಆಮೇಲೆ ಬಂತು ನೆರೆ
1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ರೀತಿಯಲ್ಲಿ ಮೊದಲ ಬಾರಿ ಪಿತ್ತಕೋಶ ತೆಗೆದರು. 1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ, 1988ರಲ್ಲಿ ಅಮೆರಿಕ, 1990ರಲ್ಲಿ ನಮ್ಮ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ. ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು. ರೋಗಿಗಳೇ ಇದನ್ನು ಕೇಳಿಕೊಂಡು ಬರತೊಡಗಿದರು. ಅಮೆರಿಕದ ಸರ್ಜನ್‌ಗಳು ಹಿಂದೆ ಬೀಳೋ ಭಯಕ್ಕೆ ವಾರಾಂತ್ಯದ ಕೋರ್ಸ್‌ಗಳಿಗೆ ಓಡಿದರು. ಎರಡು ದಿನ ಪಾಠ, ಹಂದಿಯ ಮೇಲೆ ಒಂದಿಷ್ಟು ಅಭ್ಯಾಸ, ಆಮೇಲೆ ಸೀದಾ ರೋಗಿ.

ಪಿತ್ತಕೋಶದ ಪಕ್ಕದಲ್ಲೇ ಮುಖ್ಯ ಪಿತ್ತನಾಳ ಇದೆ. ಅದು ತಪ್ಪಿ ಕತ್ತರಿಸಿಹೋದ್ರೆ ಪಿತ್ತರಸ ಸೋರಬಹುದು, ಕಾಮಾಲೆ ಬರಬಹುದು, ಸರಿಪಡಿಸೋಕೆ ದೊಡ್ಡ ಆಪರೇಷನ್ನೇ ಬೇಕಾಗಬಹುದು.

1991ರಲ್ಲಿ 'ಸದರ್ನ್ ಸರ್ಜನ್ಸ್ ಕ್ಲಬ್' 1,518 ಆಪರೇಷನ್‌ಗಳ ಲೆಕ್ಕ ಪ್ರಕಟಿಸಿತು. ಪ್ರತಿ ತಂಡದ ಮೊದಲ 13 ರೋಗಿಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾದದ್ದು ಶೇ. 2.2. ಆಮೇಲಿನ ರೋಗಿಗಳಲ್ಲಿ ಶೇ. 0.1.

ಇನ್ನೊಂದು ಸಲ ಓದಿ. ಅದೇ ವೈದ್ಯರು, ಅದೇ ಕಾಯಿಲೆ. ವ್ಯತ್ಯಾಸ ಇದ್ದದ್ದು ಸರದಿಯಲ್ಲಿ. ನೀವು 5ನೇ ರೋಗಿನಾ, 50ನೇ ರೋಗಿನಾ ಅನ್ನೋದು ನಿಮಗೆ ಗೊತ್ತೇ ಇರ್ತಿರಲಿಲ್ಲ. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ, ಮೊದಲು ಅನುಭವಿಗಳ ಉಸ್ತುವಾರಿಯಲ್ಲಿ ಮಾಡಿ ಅಂತ ಮಾರ್ಗಸೂಚಿ ತಂದಿತು.

3️⃣ ಪುರಾವೆ
ಪೆಟ್ಟಿಗೆಯಲ್ಲೋ ಕಂಪ್ಯೂಟರ್‌ನಲ್ಲೋ ಕಲಿತದ್ದು ನಿಜವಾದ ಹೊಟ್ಟೆಯಲ್ಲಿ ಉಪಯೋಗಕ್ಕೆ ಬರುತ್ತಾ? 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಉತ್ತರ ಬಂತು. 16 ರೆಸಿಡೆಂಟ್‌ಗಳು. ಅರ್ಧ ಜನಕ್ಕೆ ವರ್ಚುವಲ್ ರಿಯಾಲಿಟಿ ಯಂತ್ರದಲ್ಲಿ ತರಬೇತಿ, ಅದೂ ಇಷ್ಟು ಗಂಟೆ ಅಂತಲ್ಲ, ಪಳಗಿದವರ ಮಟ್ಟ ಮುಟ್ಟೋವರೆಗೆ. ಆಮೇಲೆ ಎಲ್ಲರೂ ನಿಜವಾದ ಪಿತ್ತಕೋಶ ಬಿಡಿಸಿದರು. ಯಾರು ಯಾವ ಗುಂಪು ಅಂತ ತಿಳಿಯದ ತಜ್ಞರು ವಿಡಿಯೋ ನೋಡಿ ತಪ್ಪು ಎಣಿಸಿದರು. ತರಬೇತಿ ಪಡೆದವರು ಶೇ. 29ರಷ್ಟು ವೇಗ. ಪಡೆಯದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಜಾಗ ಸುಡುವ ಸಾಧ್ಯತೆ 5 ಪಟ್ಟು.

ಇತ್ತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಫ್ರೀಡ್ ತಂಡ ಸಾದಾ ಪೆಟ್ಟಿಗೆಯ ಕೆಲಸಗಳಿಗೇ ಅಂಕ ಕೊಡೋ ಪದ್ಧತಿ ಕಟ್ಟಿತ್ತು. ಅದರಿಂದಲೇ 2004ರಲ್ಲಿ ಎಫ್‌ಎಲ್‌ಎಸ್ ಪರೀಕ್ಷೆ ಹುಟ್ಟಿತು: ತುಂಡು ಸಾಗಿಸು, ಗೆರೆ ಮೇಲೆ ಕತ್ತರಿಸು, ಕುಣಿಕೆ ಹಾಕು, ಎರಡು ಬಗೆಯ ಹೊಲಿಗೆ. ಮುಂದೆ ಅಮೆರಿಕದ ಸರ್ಜರಿ ಬೋರ್ಡ್ ಇದನ್ನು ಕಡ್ಡಾಯ ಮಾಡಿತು.

4️⃣ ನನಗೆ ಕಾಡಿದ್ದು
ಪೆಟ್ಟಿಗೆ 80ರ ದಶಕದಲ್ಲೇ ಇತ್ತು. ಅದನ್ನು ಮುಗಿಸಿಯೇ ಮುಂದೆ ಹೋಗಿ ಅನ್ನೋ ನಿಯಮ ಬರೋಕೆ 20 ವರ್ಷಕ್ಕೂ ಹೆಚ್ಚು ಹಿಡಿಯಿತು. ನಡುವಿನ ಕಲಿಕೆಯ ಖರ್ಚು ಕೊಟ್ಟವರು ರೋಗಿಗಳು.

ಪೆಟ್ಟಿಗೆ ಎಲ್ಲವನ್ನೂ ಕಲಿಸಲ್ಲ, ನಿಜ. ರಕ್ತ ಚಿಮ್ಮಿದಾಗ ಏನು ಮಾಡಬೇಕು, ಯಾವಾಗ ನಿಲ್ಲಿಸಿ ಹೊಟ್ಟೆ ತೆರೆಯಬೇಕು ಅನ್ನೋದನ್ನ ಪಕ್ಕದಲ್ಲಿ ನಿಂತ ಗುರುಗಳೇ ಕಲಿಸಬೇಕು. ಆದ್ರೆ ಕೈಯ ತಡವರಿಕೆಯನ್ನ ಒಬ್ಬರ ಹೊಟ್ಟೆಯೊಳಗೆ ಕಳೆದುಕೊಳ್ಳಬೇಕಾಗಿಲ್ಲ.

ನಿನ್ನೆ ಮತ್ತೆ ಲ್ಯಾಬಿಗೆ ಹೋಗಿದ್ದೆ. ಈ ಸಲ ಎರಡೇ ಸಲ ಬಿತ್ತು. 😅

ನಿಮ್ಮ ಕಾಲೇಜಲ್ಲಿ ಈ ಪೆಟ್ಟಿಗೆ ಇದ್ಯಾ? ಇದ್ರೆ ಲ್ಯಾಬ್ ತೆರೆದಿರುತ್ತಾ, ಬೀಗ ಹಾಕಿರುತ್ತಾ? ಕಮೆಂಟಲ್ಲಿ ಹೇಳಿ. ಸರ್ಜರಿಗೆ ಹೋಗ್ತೀನಿ ಅನ್ನೋ ಫ್ರೆಂಡ್‌ನ ಟ್ಯಾಗ್ ಮಾಡಿ.

ಮುಂದಿನ ಕಂತು: ಎರಿಕ್ ಮ್ಯೂಹೆ ಕೋರ್ಟ್ ಮೆಟ್ಟಿಲು ಹತ್ತಿದ ಕಥೆ.

#ವೈದ್ಯಕೀಯಇತಿಹಾಸ #ಲ್ಯಾಪರೋಸ್ಕೋಪಿ #ಕನ್ನಡದಲ್ಲಿವಿಜ್ಞಾನ