ಲಾಂಜರೋಟೆ

ಲಾಂಜರೋಟೆಯು ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಸಮೂಹದ ಒಂದು ಜ್ವಾಲಾಮುಖಿ ದ್ವೀಪ. ಇದು ಅಟ್ಲಾಂಟಿಕ್ ಸಾಗರದಲ್ಲಿ, ಆಫ್ರಿಕಾದ ಕರಾವಳಿಯಿಂದ ಸುಮಾರು 125 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ ಸುಮಾರು 846 ಚದರ ಕಿ.ಮೀ.; ಆಡಳಿತ ಕೇಂದ್ರ ಅರೆಸಿಫೆ. ನದಿಗಳಿಲ್ಲದ, ಮಳೆ ತೀರ ವಿರಳವಾದ ಈ ದ್ವೀಪವು ಇಂದು ಯುರೋಪಿನ ಪ್ರವಾಸಿಗರ ಪ್ರಮುಖ ವಿಹಾರತಾಣವಾಗಿದೆ.

ಇತಿಹಾಸ

ದ್ವೀಪದ ಮೂಲನಿವಾಸಿಗಳನ್ನು ಮಾಹೋ ಜನರೆಂದು ಕರೆಯುತ್ತಾರೆ. ಇವರು ಉತ್ತರ ಆಫ್ರಿಕಾದ ಬರ್ಬರ್ ಮೂಲದವರು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಜಿನೋವಾದ ನಾವಿಕ ಲಾಂಚೆಲೊತ್ತೊ ಮಾಲೊಚೆಲ್ಲೊನ ಹೆಸರಿನಿಂದಲೇ ದ್ವೀಪಕ್ಕೆ ಈ ಹೆಸರು ಬಂದಿತೆಂಬುದು ಪ್ರಚಲಿತ ಅಭಿಪ್ರಾಯ. 1402ರಲ್ಲಿ ನಾರ್ಮನ್ ಸಾಹಸಿ ಜಾನ್ ದ ಬೆತಾಂಕೂರ್ ಇಲ್ಲಿ ಬಂದಿಳಿದನು. ಕ್ಯಾನರಿ ದ್ವೀಪಗಳ ಮೇಲಿನ ಯುರೋಪಿಯನ್ನರ ಆಕ್ರಮಣ ಆರಂಭವಾದದ್ದು ಇಲ್ಲಿಂದಲೇ. ಮುಂದಿನ ಶತಮಾನಗಳಲ್ಲಿ ಕಡಲ್ಗಳ್ಳರು ಮತ್ತೆ ಮತ್ತೆ ದಾಳಿಮಾಡಿ ಜನರನ್ನು ಸೆರೆಯೊಯ್ದರು. ಅಂದಿನ ರಾಜಧಾನಿ ತೆಗೀಸೆ ಒಳನಾಡಿನಲ್ಲಿದ್ದರೂ ಅವರಿಂದ ಪಾರಾಗಲಿಲ್ಲ.

ಮಹಾಸ್ಫೋಟ

1730ರ ಸೆಪ್ಟೆಂಬರ್ 1ರ ರಾತ್ರಿ ತಿಮಾನ್‌ಫಾಯ ಗ್ರಾಮದ ಬಳಿ ನೆಲ ಬಿರಿಯಿತು. ಅಂದು ಆರಂಭವಾದ ಸ್ಫೋಟಗಳ ಸರಣಿ ನಿಂತದ್ದು 1736ರ ಏಪ್ರಿಲ್‌ನಲ್ಲಿ. ದ್ವೀಪದ ಸುಮಾರು ಕಾಲುಭಾಗ ಲಾವಾದಡಿ ಮುಚ್ಚಿಹೋಯಿತು. ಹಲವು ಗ್ರಾಮಗಳೂ ದ್ವೀಪದ ಅತ್ಯಂತ ಫಲವತ್ತಾದ ಹೊಲಗಳೂ ಅಳಿದವು. ಯಾಯಿಸಾ ಗ್ರಾಮದ ಪಾದ್ರಿ ಆಂದ್ರೇಸ್ ಲೊರೆನ್ಸೊ ಕುರ್ಬೆಲೊ ಕಣ್ಣಾರೆ ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟರು. ಅದರ ಮೂಲಪ್ರತಿ ಉಳಿದಿಲ್ಲ. ಜರ್ಮನ್ ಭೂವಿಜ್ಞಾನಿ ಲಿಯೊಪೋಲ್ಡ್ ಫಾನ್ ಬುಖ್ ಪ್ರಕಟಿಸಿದ ರೂಪದಲ್ಲಿ ಅದು ನಮಗೆ ದೊರೆತಿರುವುದೇ ಭಾಗ್ಯವೆನ್ನಬೇಕು. ಬಹುಜನರು ನೆರೆಯ ದ್ವೀಪಗಳಿಗೆ ವಲಸೆ ಹೋದರು. 1824ರಲ್ಲಿ ಮತ್ತೊಮ್ಮೆ, ಸಣ್ಣ ಪ್ರಮಾಣದಲ್ಲಿ, ಸ್ಫೋಟ ಸಂಭವಿಸಿತು. ತಿಮಾನ್‌ಫಾಯ ಪ್ರದೇಶವು 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿನ ಉಪಾಹಾರಗೃಹವೊಂದರಲ್ಲಿ ಇಂದಿಗೂ ನೆಲದೊಳಗಿನ ಶಾಖದಿಂದಲೇ ಮಾಂಸ ಬೇಯಿಸುತ್ತಾರೆ.

ಬೂದಿಯಲ್ಲಿ ಬೇಸಾಯ

ಉಳಿದ ರೈತರು ಒಂದು ವಿಚಿತ್ರವನ್ನು ಗಮನಿಸಿದರು. ಜ್ವಾಲಾಮುಖಿ ಉಗುಳಿದ ಕಪ್ಪು ಹರಳುಗಳು ತೆಳುವಾಗಿ ಹರಡಿದ್ದ ಕಡೆ ಬೆಳೆ ಮೊದಲಿಗಿಂತ ಹುಲುಸಾಗಿತ್ತು. ಸಾಸಿವೆಯಿಂದ ಕಡಲೆಕಾಳಿನ ಗಾತ್ರದವರೆಗಿನ, ತೂತುತೂತಾದ ಈ ಹರಳುಗಳು ರಾತ್ರಿಯ ತೇವವನ್ನು ಹಿಡಿದು ಕೆಳಗಿನ ಮಣ್ಣಿಗೆ ಇಳಿಸುತ್ತವೆ. ಹಗಲಿನಲ್ಲಿ ಆ ತೇವ ಆರದಂತೆ ಹೊದಿಕೆಯಾಗುತ್ತವೆ. ಲಾ ಹೇರಿಯಾ ಕಣಿವೆಯಲ್ಲಿ ಹರಳಿನ ಪದರ ದಪ್ಪವಾಗಿರುವುದರಿಂದ, ಹಳೆಯ ಮಣ್ಣು ಸಿಗುವತನಕ ಬಾಣಲೆಯಾಕಾರದ ಗುಂಡಿ ತೋಡಿ, ಒಂದೊಂದು ಗುಂಡಿಯಲ್ಲಿ ಒಂದೋ ಎರಡೋ ದ್ರಾಕ್ಷಿ ಬಳ್ಳಿ ನೆಡುತ್ತಾರೆ. ಗಾಳಿಯ ಹೊಡೆತ ತಡೆಯಲು ಗುಂಡಿಯ ಅಂಚಿಗೆ ಅರ್ಧಚಂದ್ರಾಕಾರದ ಕಲ್ಲುಗೋಡೆ. ಮಾಲ್ವಸಿಯಾ ತಳಿಯ ದ್ರಾಕ್ಷಾರಸಕ್ಕೆ ಈ ಕಣಿವೆ ಹೆಸರಾಗಿದೆ. ಗುಂಡಿಗಳ ನಡುವೆ ಯಂತ್ರ ಓಡಿಸಲಾಗದು, ಎಲ್ಲವೂ ಕೈಕೆಲಸ. ಗ್ವಾತಿಸಾ ಸುತ್ತಮುತ್ತ ಪಾಪಾಸುಕಳ್ಳಿ ಬೆಳೆದು, ಅದರ ಮೇಲಿನ ಕೀಟದಿಂದ ಕೆಂಬಣ್ಣ ತೆಗೆಯುವುದು ಇನ್ನೊಂದು ಹಳೆಯ ಕಸುಬು.

ಸಂಸ್ಕೃತಿ

ಹುರಿದ ಧಾನ್ಯದ ಹಿಟ್ಟು, ಗೋಫಿಯೊ, ಇಲ್ಲಿನ ಪರಂಪರಾಗತ ಆಹಾರ. ನಮ್ಮ ಹುರಿಹಿಟ್ಟನ್ನೇ ಹೋಲುತ್ತದೆ. ತಿಂಪ್ಲೆ ಎಂಬ ಪುಟ್ಟ ತಂತಿವಾದ್ಯದ ತಯಾರಿಕೆಗೆ ತೆಗೀಸೆ ಪ್ರಸಿದ್ಧ. ಲಾವಾಪ್ರವಾಹವು ಮಾಂಚಾ ಬ್ಲಾಂಕಾ ಗ್ರಾಮದ ಹೊರಗೇ ನಿಂತದ್ದು ಮಾತೆ ಮೇರಿಯ ಕೃಪೆಯೆಂದು ಜನ ನಂಬುತ್ತಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಕಾಲ್ನಡಿಗೆಯ ಯಾತ್ರೆ ನಡೆಯುತ್ತದೆ.

ಪ್ರವಾಸೋದ್ಯಮ ಮತ್ತು ಸಂರಕ್ಷಣೆ

ಅರೆಸಿಫೆಯಲ್ಲಿ ಜನಿಸಿದ ಕಲಾವಿದ ಸೆಸಾರ್ ಮಾನ್ರೀಕೆ (1919–1992) ನ್ಯೂಯಾರ್ಕ್‌ನಿಂದ ಹಿಂದಿರುಗಿದ ನಂತರ ದ್ವೀಪದ ರೂಪವನ್ನು ಕಾಯಲು ಪಣತೊಟ್ಟರು. ಎತ್ತರದ ಕಟ್ಟಡಗಳನ್ನೂ ರಸ್ತೆಬದಿಯ ಜಾಹೀರಾತು ಫಲಕಗಳನ್ನೂ ವಿರೋಧಿಸಿ, ಸುಣ್ಣದ ಬಿಳಿಗೋಡೆಯ ತಗ್ಗು ಮನೆಗಳ ಶೈಲಿಯೇ ಉಳಿಯುವಂತೆ ಆಡಳಿತದ ಮನವೊಲಿಸಿದರು. ತಮ್ಮ ಮನೆಯನ್ನು ಲಾವಾದ ಐದು ಪೊಳ್ಳುಗಳೊಳಗೇ ಕಟ್ಟಿಕೊಂಡರು. ಲಾವಾ ಸುರಂಗವೊಂದರ ಭಾಗವಾದ ಹಮೇವೋಸ್ ದೆಲ್ ಆಗ್ವಾವನ್ನು ಸಂದರ್ಶಕರ ತಾಣವಾಗಿಸಿದರು. ಅಲ್ಲಿನ ಕೊಳದಲ್ಲಿ ಕುರುಡಾದ, ಬಿಳಿಯ ಪುಟ್ಟ ಏಡಿಗಳಿವೆ. ಮಾನ್ರೀಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡ ಮರುವರ್ಷ, 1993ರಲ್ಲಿ, ಯುನೆಸ್ಕೊ ಇಡೀ ದ್ವೀಪವನ್ನು ಜೀವಗೋಲ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೂ ಕಟ್ಟಡಗಳ ಒತ್ತಡ ಕಡಿಮೆಯಾಗಲಿಲ್ಲ. ದಕ್ಷಿಣದ ಪ್ಲಾಯಾ ಬ್ಲಾಂಕಾ ಮೊದಲಾದೆಡೆ ನೀಡಲಾಗಿದ್ದ ಹಲವು ಹೋಟೆಲುಗಳ ಪರವಾನಗಿಗಳನ್ನು ನ್ಯಾಯಾಲಯವು ಕಾನೂನುಬಾಹಿರವೆಂದು ರದ್ದುಪಡಿಸಿತು; ಅಷ್ಟರಲ್ಲಿ ಹೋಟೆಲುಗಳು ಎದ್ದುನಿಂತಿದ್ದವು. ಒಂದು ಕಾಲದಲ್ಲಿ ಮಳೆನೀರಿನ ತೊಟ್ಟಿಗಳನ್ನೇ ನಂಬಿದ್ದ ದ್ವೀಪಕ್ಕೆ ಈಗ ಬಹುತೇಕ ಎಲ್ಲ ಕುಡಿಯುವ ನೀರೂ ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಸ್ಥಾವರಗಳಿಂದ ಬರುತ್ತದೆ.